ಔಷಧ ಮತ್ತು ಚಿಕಿತ್ಸಾ ಕ್ಷೇತ್ರದಲ್ಲಿ ಮುಕ್ತ ಬಯೋಇನ್ಫರ್ಮ್ಯಾಟಿಕ್ಸ್ ತಂತ್ರಾಂಶ

ಜೀನೋಮ್ ಹಾಗೂ ಔಷಧ ಪ್ರಯೋಗಗಳ ದತ್ತಾಂಶವನ್ನು ವಿಶ್ಲೇಷಿಸುವ, ಮೂಲ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶಗಳನ್ನು ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟ ಕೆಲಸದಲ್ಲಿ ಬಳಸುವ ಪದ್ಧತಿ. ಸಂಖ್ಯಾಶಾಸ್ತ್ರೀಯ ಲೆಕ್ಕಾಚಾರದ ಆರ್ ಪ್ರೋಗ್ರಾಮಿಂಗ್ ಭಾಷೆ, ಅದರ ಮೇಲೆ ಕಟ್ಟಿದ ಜೀನೋಮ್ ವಿಶ್ಲೇಷಣಾ ಸಾಧನಗಳ ಸಂಗ್ರಹ ಬಯೋಕಂಡಕ್ಟರ್, ಡಿಎನ್‌ಎ ತುಣುಕುಗಳನ್ನು ಆಧಾರ ಜೀನೋಮ್‌ಗೆ ಹೊಂದಿಸುವ ಬಿಡಬ್ಲ್ಯುಎ, ಅವುಗಳಲ್ಲಿನ ವ್ಯತ್ಯಾಸ ಹುಡುಕುವ ಜಿಎಟಿಕೆ ಇಂಥವು. ಅಮೆರಿಕದ ಬ್ರಾಡ್ ಸಂಶೋಧನಾ ಸಂಸ್ಥೆಯ ಜಿಎಟಿಕೆ ಪೂರ್ತಿ ಮುಕ್ತವಾದದ್ದು 2018ರಲ್ಲಿ, ನಾಲ್ಕನೆಯ ಆವೃತ್ತಿಯಿಂದ.

ನಿಯಂತ್ರಕರು ಮುಕ್ತ ತಂತ್ರಾಂಶವನ್ನು ಒಪ್ಪುವುದಿಲ್ಲ ಎಂಬ ನಂಬಿಕೆ ಔಷಧ ಕಂಪನಿಗಳಲ್ಲಿ ಬಹುಕಾಲ ಬೇರೂರಿತ್ತು. ಅದಕ್ಕೆ ಆಧಾರವಿಲ್ಲ. ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಗೆ ಇಂಥದ್ದೇ ತಂತ್ರಾಂಶ ಬೇಕೆಂದು ತಾನು ಹೇಳುವುದಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2015ರಲ್ಲಿ ಲಿಖಿತವಾಗಿ ಸ್ಪಷ್ಟಪಡಿಸಿತು. ಬಳಸಿದ ತಂತ್ರಾಂಶ ಯಾವುದು, ಯಾವ ಆವೃತ್ತಿಯದು ಎಂಬುದು ದಾಖಲಾಗಿರಬೇಕು, ಅದು ನಂಬಲರ್ಹವೆಂದು ತೋರಿಸಬೇಕು, ಅಷ್ಟೇ. ವಿದ್ಯುನ್ಮಾನ ದಾಖಲೆಗಳ ಕುರಿತ ಎಫ್‌ಡಿಎಯ 1997ರ ‘ಭಾಗ 11’ ನಿಯಮವೂ ಬದಲಾವಣೆಗಳ ಜಾಡು ಉಳಿಯಬೇಕು, ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತದೆಂದು ಪರೀಕ್ಷಿಸಿ ದೃಢಪಡಿಸಿರಬೇಕು (ವ್ಯಾಲಿಡೇಶನ್) ಎನ್ನುತ್ತದೆಯೇ ಹೊರತು ಪರವಾನಗಿಯ ಬಗೆಯನ್ನು ವಿಚಾರಿಸುವುದಿಲ್ಲ.

ಕೋಡ್ ತೆರೆದಿರುವುದು ಏಕೆ ಮುಖ್ಯ ಎಂಬುದಕ್ಕೆ ಡ್ಯೂಕ್ ವಿಶ್ವವಿದ್ಯಾಲಯದ ಪ್ರಕರಣಕ್ಕಿಂತ ಗಂಭೀರವಾದ ನಿದರ್ಶನ ಬೇಕಿಲ್ಲ. ಗೆಡ್ಡೆಯ ಜೀನ್ ಚಟುವಟಿಕೆ ನೋಡಿ ಯಾವ ಕಿಮೋಥೆರಪಿ ಫಲಿಸೀತೆಂದು ಹೇಳಬಹುದು ಎಂದು ಅಲ್ಲಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದರು. ಅದನ್ನೇ ನಂಬಿ ಕ್ಯಾನ್ಸರ್ ರೋಗಿಗಳ ಮೇಲೆ ಪ್ರಯೋಗಗಳೂ ಶುರುವಾದವು. ಇದನ್ನು ಪರಿಶೀಲಿಸಲು ಹೊರಟ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್, ಪೂರ್ಣ ವಿವರ ಕೈಗೆ ಸಿಗದೆ, ಫಲಿತಾಂಶದಿಂದ ಹಿಂದಕ್ಕೆ ಲೆಕ್ಕ ಬಿಡಿಸಬೇಕಾಯಿತು. ಆಗ ತಪ್ಪುಗಳು ಹೊರಬಿದ್ದವು: ಜೀನ್‌ಗಳ ಪಟ್ಟಿ ಒಂದು ಸಾಲಿನಷ್ಟು ಜಾರಿತ್ತು. ಔಷಧಕ್ಕೆ ಮಣಿಯುವ, ಮಣಿಯದ ಮಾದರಿಗಳ ಗುರುತು ಕೆಲವೆಡೆ ಅದಲುಬದಲಾಗಿತ್ತು. ಅವರು ತಮ್ಮ ವಿಶ್ಲೇಷಣೆಯನ್ನು ಆರ್ ಕೋಡ್ ಸಮೇತ ಎಲ್ಲರ ಮುಂದಿಟ್ಟರು. ಪ್ರಯೋಗಗಳು ನಿಂತವು, ಪ್ರಬಂಧವನ್ನು 2011ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಮರುವರ್ಷ ಅಮೆರಿಕದ ವೈದ್ಯಕೀಯ ಅಕಾಡೆಮಿಯ ವರದಿ, ದತ್ತಾಂಶ ಮತ್ತು ಕೋಡ್ ಲಭ್ಯವಿರಬೇಕು, ರೋಗಿಯನ್ನು ತಲುಪುವ ಮೊದಲೇ ಪರೀಕ್ಷಾ ವಿಧಾನವನ್ನು ಅಂತಿಮಗೊಳಿಸಿರಬೇಕು ಎಂದು ಶಿಫಾರಸು ಮಾಡಿತು.

ಆದರೆ ತೆರೆದ ಕೋಡ್ ತಾನಾಗಿಯೇ ಸರಿಯಾದ ಕೋಡ್ ಆಗುವುದಿಲ್ಲ. ಮುಕ್ತ ತಂತ್ರಾಂಶಗಳ ಪರವಾನಗಿ ಯಾವ ಖಾತರಿಯನ್ನೂ ಕೊಡದು. ಪರೀಕ್ಷಿಸುವ ಹೊಣೆ ಬಳಸುವ ಪ್ರಯೋಗಾಲಯದ್ದೇ. ಪರವಾನಗಿ ಶುಲ್ಕದಲ್ಲಿ ಉಳಿತಾಯವಾದ ಹಣದ ಬಹುಪಾಲು ಈ ಪರೀಕ್ಷೆಗೇ ಹೋಗಬೇಕು. ಜೀನೋಮ್ ಪರೀಕ್ಷೆಗೆ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2015ರಲ್ಲಿ ಹೊರತಂದ ಪ್ರಮಾಣಿತ ಡಿಎನ್‌ಎ ಒಳ್ಳೆಯ ಅಳತೆಗೋಲು: ಉತ್ತರ ಮೊದಲೇ ಗೊತ್ತಿರುವ ಮಾದರಿಯಲ್ಲಿ ವಿಶ್ಲೇಷಣೆಯ ತಂತ್ರಾಂಶ ಸರಣಿ (ಪೈಪ್‌ಲೈನ್) ಎಷ್ಟು ವ್ಯತ್ಯಾಸಗಳನ್ನು ಹಿಡಿಯಿತು, ಎಷ್ಟು ಬಿಟ್ಟಿತು ಎಂಬುದು ತಿಳಿಯುತ್ತದೆ. ಈ ಸರಣಿಯ ಒಂದು ಘಟಕದ ಆವೃತ್ತಿ ಬದಲಾದರೂ ಮತ್ತೆ ಪರೀಕ್ಷಿಸಬೇಕು. ಅವಸರದಲ್ಲಿ ಮೊದಲು ಕೈಬಿಡುವುದು ಈ ಕೆಲಸವನ್ನೇ, ಅದು ಸಲ್ಲದು.

ಮುಕ್ತ ತಂತ್ರಾಂಶದ ಕೆಲಸವನ್ನು ನಿಯಂತ್ರಕರ ಮುಂದಿಡಬಹುದು ಎಂಬುದಕ್ಕೆ ನಿದರ್ಶನವೂ ಇದೆ: ಆರ್ ಭಾಷೆಗೆ ಬೆಂಬಲವಾಗಿರುವ ಒಕ್ಕೂಟ ಆರ್ ಕನ್ಸಾರ್ಟಿಯಂನ ಕಾರ್ಯತಂಡ ಪೂರ್ತಿ ಆರ್‌ನಲ್ಲೇ ಮಾಡಿದ ವಿಶ್ಲೇಷಣೆಯೊಂದನ್ನು 2021ರ ನವೆಂಬರ್‌ನಲ್ಲಿ ಎಫ್‌ಡಿಎಗೆ ಪ್ರಾಯೋಗಿಕವಾಗಿ ಸಲ್ಲಿಸಿತು. ಅದರ ಕೋಡ್ ಇಂದಿಗೂ ಯಾರು ಬೇಕಾದರೂ ಓದಬಹುದಾದಂತೆ ತೆರೆದಿದೆ.