ಹಳತನ್ನು ಕೊಳ್ಳುವ ಕೈ

ನಿಮ್ಮ ಮನೆಯ ಅಟ್ಟವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯೊಂದು ಅಲ್ಲಿ ಬೋರಲು ಬಿದ್ದಿದ್ದೀತು. ಅದರಲ್ಲಿ ಅಡಿಗೆ ಮಾಡುವಂತಿಲ್ಲ. ಎಸೆಯಲು ಮನಸ್ಸೂ ಒಪ್ಪುವುದಿಲ್ಲ. ಹಿಂದಿನವರ ಜೋಪಾನವೇನು, ಈಗಿನವರಿಗೆ ಎಲ್ಲವೂ ಹೊಸದೇ ಆಗಬೇಕೆಂಬ ಹಂಬಲವೇನು ಎಂದು ಹಿರಿಯರು ಗೊಣಗುವುದು ಇಂಥ ಪಾತ್ರೆಯನ್ನು ಕಂಡಾಗಲೇ. ಆ ಗೊಣಗಾಟದಲ್ಲಿ ನಿಜ ಎಷ್ಟಿದೆ ಎಂಬುದನ್ನು ಕೊಂಚ ವಿಚಾರಿಸೋಣ.

ಅದಕ್ಕಾಗಿ ಚಿಕ್ಕಬಳ್ಳಾಪುರದ ಸ್ಕಂದಗಿರಿಯ ಮೇಲೆ ನನ್ನೊಡನೆ ನಿಲ್ಲಿರಿ. ಹಳಬರು ಇದನ್ನು ಕಳವಾರ ದುರ್ಗವೆನ್ನುತ್ತಾರೆ. ಮುಂಜಾನೆಯ ಮೋಡ ನೋಡಲು ಬರುವ ತರುಣರಿಗೆ ಕೋಟೆಯ ಗೋಡೆಗಿಂತ ಮೋಡವೇ ಹೆಚ್ಚು, ಇರಲಿ. ಮೋಡ ಸರಿದರೆ ಎದುರಿಗೆ ನಂದಿಬೆಟ್ಟ, ಕೆಳಗಿನ ಬಯಲಿನಲ್ಲಿ ಮುದ್ದೇನಹಳ್ಳಿ. ಕಾಯಿಲೆಯಿಂದ ಬಳಲಿದ್ದ ಗಾಂಧೀಜಿ 1927ರ ಬೇಸಿಗೆಯನ್ನು ನಂದಿಯಲ್ಲಿ ಕಳೆದರು. 1936ರಲ್ಲಿ ಮತ್ತೊಮ್ಮೆ ಬಂದರು. ತಮಗೆ ಬಂದ ಲಕೋಟೆಯ ಒಳಮೈಯನ್ನೂ ಬರೆಯಲು ಬಳಸುತ್ತಿದ್ದವರು ಅವರು. ಮುದ್ದೇನಹಳ್ಳಿಯಾದರೋ ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು 1934ರಲ್ಲಿ ಪುಸ್ತಕ ಬರೆದ ಅವರು, ಯಂತ್ರ ಕೈಗಾರಿಕೆ ಬೆಳೆಸದ ದೇಶಕ್ಕೆ ಉಳಿಗಾಲವಿಲ್ಲ ಎಂದೇ ನಂಬಿದ್ದರು. ಒಬ್ಬರು ಬೇಕುಗಳನ್ನು ಕಡಿಮೆ ಮಾಡಿಕೊಳ್ಳಿ ಎಂದರು, ಇನ್ನೊಬ್ಬರು ಹೆಚ್ಚು ತಯಾರಿಸಿ ಎಂದರು. ಇಂದಿಗೂ ನಮ್ಮ ಮನೆಗಳಲ್ಲಿ ಈ ಇಬ್ಬರೂ ಜಗಳವಾಡುತ್ತಲೇ ಇದ್ದಾರೆ.

ಆದರೆ ಹಳತಾದ ವಸ್ತು ಮುಂದೆ ಯಾರ ಕೈಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಬೆಟ್ಟ ಇಳಿದು ಪೂರ್ವಕ್ಕೆ, ಶಿಡ್ಲಘಟ್ಟದ ಕಡೆಗೆ ಹೋಗಬೇಕು.

1780ರ ದಶಕದಲ್ಲಿ ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ರೇಷ್ಮೆಯನ್ನು ಬೆಳೆಸಿದ. ಶಿಡ್ಲಘಟ್ಟ ಇಂದು ಅದರ ದೊಡ್ಡ ಪೇಟೆ. ನದಿಯ ಆಸರೆಯಿಲ್ಲದ, ಮಳೆ ಕಡಿಮೆಯಾದ ಈ ಸೀಮೆಯ ರೇಷ್ಮೆ ಮನೆಯಲ್ಲಿ ಕಸವೆಂಬುದನ್ನು ಹುಡುಕಿ ನೋಡಿ, ಸುಲಭವಾಗಿ ಸಿಕ್ಕದು. ಹುಳು ತಿಂದುಳಿದ ಹಿಪ್ಪುನೇರಳೆ ಸೊಪ್ಪು ದನಕ್ಕೆ. ಹುಳುವಿನ ಹಿಕ್ಕೆ ತಿಪ್ಪೆಗೆ, ತಿಪ್ಪೆಯಿಂದ ಮತ್ತೆ ಹಿಪ್ಪುನೇರಳೆ ತೋಟಕ್ಕೆ. ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶದ ಹುಳುವಿನಿಂದ ಎಣ್ಣೆ ತೆಗೆಯುತ್ತಾರೆ. ಹಿಂಡಿಯನ್ನು ಕೋಳಿಗೋ ಮೀನಿಗೋ ಹಾಕುತ್ತಾರೆ. ಬಿಚ್ಚಲಾರದ ಸಿಕ್ಕುನಾರಿಗೂ ಬೆಲೆಯುಂಟು. ಚೀನಾ ಜಪಾನುಗಳ ಅಗ್ಗದ ರೇಷ್ಮೆ ನಮ್ಮವರನ್ನು ಕಂಗೆಡಿಸಿದ 1930ರ ದಶಕದಲ್ಲೇ ಆ ಸಿಕ್ಕುನಾರಿನಿಂದ ನೂಲು ತೆಗೆಯುವ ಗಿರಣಿ ಚನ್ನಪಟ್ಟಣದಲ್ಲಿ ಎದ್ದಿತು.

ರೇಷ್ಮೆಯವರು ಉಳಿದವರಿಗಿಂತ ಹೆಚ್ಚು ಸದ್ಗುಣಿಗಳೆಂದು ನಾನು ಹೇಳಲಾರೆ. ಪ್ರತಿಯೊಂದು ಉಳಿಕೆಯನ್ನೂ ಕೊಳ್ಳಲು ಬಾಗಿಲಲ್ಲಿ ಒಬ್ಬ ನಿಂತಿದ್ದಾನೆ, ಅಷ್ಟೇ. ಅವನು ಬಾರದ ದಿನ ಅದೇ ಮನೆಯವರೂ ಅದನ್ನು ಬೀದಿಗೆ ಸುರಿದಾರು.

ನಿಮ್ಮ ಅಟ್ಟದ ಪಾತ್ರೆಯ ಬಾಗಿಲಿಗೂ ಹಿಂದೆ ಒಬ್ಬ ಬರುತ್ತಿದ್ದ. ಮರದ ನೆರಳಿನಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಪಾತ್ರೆಯನ್ನು ಕಾಯಿಸಿ, ನವಸಾಗರ ಹಾಕಿ ಹೊಗೆಯೇಳಿಸಿ, ತವರವನ್ನು ಬಟ್ಟೆಯಿಂದ ಸವರಿದನೆಂದರೆ ಒಳಮೈ ಬೆಳ್ಳಿಯಂತಾಗುತ್ತಿತ್ತು. ಕಲಾಯಿಯಿಲ್ಲದೆ ಹುಣಿಸೆಯ ಹುಳಿ ಬಿದ್ದರೆ ಪಾತ್ರೆ ಕಿಲುಬುಗಟ್ಟುತ್ತದೆಂಬುದು ಗೃಹಿಣಿಗೆ ಗೊತ್ತು. ಆದ್ದರಿಂದ ಅವನ ಕೂಗಿಗೆ ಕಾಯುತ್ತಿದ್ದಳು. ಆಮೇಲೆ ಸ್ಟೀಲು ಬಂತು. ಅದಕ್ಕೆ ಕಲಾಯಿ ಬೇಡ, ಕಿಲುಬಿನ ಭಯವಿಲ್ಲ, ತಿಕ್ಕುವುದೂ ಹಗುರ. ಹಳೆಯ ಬಟ್ಟೆಯ ಗಂಟಿಗೆ ಬದಲಾಗಿ ಸ್ಟೀಲಿನ ಪಾತ್ರೆ ಕೊಟ್ಟ ವ್ಯಾಪಾರಿಯನ್ನೂ ನೀವು ಬಲ್ಲಿರಿ. ಕೊಂಡವರದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಪಾತ್ರೆ ತಿಕ್ಕದವರೇ ಹಿತ್ತಾಳೆಯನ್ನು ಹೆಚ್ಚಾಗಿ ಹೊಗಳುವುದು! ಆದರೆ ಕರೆಯುವ ಮನೆಗಳು ಕಡಿಮೆಯಾದಂತೆ ಕಲಾಯಿಯವನ ಬರವೂ ಕಡಿಮೆಯಾಯಿತು. ಆಮೇಲೆ ಹಿತ್ತಾಳೆಯೇ ಬೇಕೆಂದವರೂ ನಿರುಪಾಯರಾದರು. ಜಿಪುಣ ಮನೆಗೂ ದುಂದಿನ ಮನೆಗೂ ಉಳಿದದ್ದು ಒಂದೇ ಅಟ್ಟ.

ಸ್ಟೀಲಿಗಾದರೂ ಗುಜರಿಯವನಿದ್ದಾನೆ. ಒಮ್ಮೆ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ಕಿಗೆ ಅವನೂ ಕೈಚಾಚುವುದಿಲ್ಲ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು; 2022ರ ಜುಲೈ 1ರಿಂದ ದೇಶಾದ್ಯಂತ ಇಂಥ ಹಲವು ಪದಾರ್ಥಗಳಿಗೆ ನಿಷೇಧ ಬಂತು. ನಿಷೇಧ ಬಾಗಿಲು ಮುಚ್ಚಬಲ್ಲದು, ಕೊಳ್ಳುವವನನ್ನು ಕರೆತರಲಾರದು.

ರೇಷ್ಮೆ ಸೀಮೆಯಲ್ಲೂ ಈ ಬದಲಾವಣೆ ಕಾಲಿಟ್ಟಿದೆ. ಹಣ್ಣಾದ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಎಲ್ಲ ರೈತರೂ ಕೊಳ್ಳುವುದಿಲ್ಲ. ಬಾಡಿಗೆಗೆ ತಂದು, ಗೂಡು ಬಿಡಿಸಿ, ಹಿಂದಿರುಗಿಸುವುದುಂಟು. ಒಂದು ದಬ್ಬೆ ಮುರಿದರೆ ಆ ದಬ್ಬೆಯೊಂದನ್ನೇ ಬದಲಿಸಿದರಾಯಿತು. ಈಚೆಗೆ ಪ್ಲಾಸ್ಟಿಕ್ಕಿನ ಚಂದ್ರಿಕೆ ಬಂದಿದೆ. ಹಗುರ, ಮಡಿಸಿಡಬಹುದು, ತೊಳೆಯಲೂ ಸುಲಭ. ಅದು ಸೀಳಿದರೆ ಎಲ್ಲಿಗೆ ಒಯ್ಯಬೇಕೆಂದು ಬಿದಿರು ಹೆಣೆಯುವವರನ್ನು ಕೇಳಿದರೆ, ಅದಕ್ಕೆ ಹಾಕಲು ಅವರ ಬಳಿ ದಬ್ಬೆಯಿಲ್ಲ.