ಡ್ರಾಕುಲಾ ಮತ್ತು ಅವನ ಓದುಗರು

1897ರ ಮೇ ತಿಂಗಳ ಕೊನೆಯಲ್ಲಿ ಲಂಡನ್ನಿನ ಆರ್ಚಿಬಾಲ್ಡ್ ಕಾನ್‌ಸ್ಟೇಬಲ್ ಪ್ರಕಾಶನ ಸಂಸ್ಥೆ ಹಳದಿ ರಟ್ಟಿನ ಮೇಲೆ ಕೆಂಪು ಅಕ್ಷರಗಳಿದ್ದ ಒಂದು ಕಾದಂಬರಿಯನ್ನು ಹೊರತಂದಿತು. ಬೆಲೆ ಆರು ಶಿಲಿಂಗ್. ಬರೆದವರು ಬ್ರಾಮ್ ಸ್ಟೋಕರ್. ಡಬ್ಲಿನ್ನಿನಲ್ಲಿ ಹುಟ್ಟಿದ ಅವರು ಲಂಡನ್ನಿನ ಲೈಸಿಯಂ ರಂಗಮಂದಿರದ ವ್ಯವಸ್ಥಾಪಕರಾಗಿ, ಹೆಸರಾಂತ ನಟ ಹೆನ್ರಿ ಇರ್ವಿಂಗರ ಬಲಗೈಯಾಗಿ ಆಯುಷ್ಯದ ಬಹುಭಾಗ ಕಳೆದವರು. ಬದುಕಿದ್ದಾಗ ಜನ ಅವರನ್ನು ಗುರುತಿಸುತ್ತಿದ್ದದ್ದು ಇರ್ವಿಂಗರ ಕಡೆಯವರೆಂದು. ಇಂದು ಇರ್ವಿಂಗರ ಹೆಸರು ಬಹುಮಂದಿಗೆ ತಿಳಿಯುವುದೇ ಸ್ಟೋಕರರ ಮೂಲಕ. ಈ ಅದಲುಬದಲಿಗೆ ಕಾರಣ 'ಡ್ರಾಕುಲಾ', ಮತ್ತು ಅದನ್ನು ಕೈಬಿಡದೆ ಓದಿಕೊಂಡು ಬಂದ ತಲೆಮಾರುಗಳು.

ಈ ಕಾದಂಬರಿಯ ಕಟ್ಟಡವೇ ವಿಶಿಷ್ಟವಾದದ್ದು. ದಿನಚರಿಗಳು, ಕಾಗದಗಳು, ತಂತಿಗಳು, ಪತ್ರಿಕಾ ವರದಿಗಳು, ಹಡಗಿನ ಕಪ್ತಾನನ ದಾಖಲೆ, ಇವನ್ನೆಲ್ಲ ಒಂದರ ಪಕ್ಕ ಒಂದು ಜೋಡಿಸಿ ಕಥೆ ಹೇಳಲಾಗಿದೆ. ವಕೀಲ ಜೊನಾಥನ್ ಹಾರ್ಕರ್ ಬರೆಯುತ್ತಾನೆ, ಅವನು ಮದುವೆಯಾಗಲಿರುವ ಮೀನಾ ಬರೆಯುತ್ತಾಳೆ, ಅವಳ ಗೆಳತಿ ಲೂಸಿ ಬರೆಯುತ್ತಾಳೆ, ಡಾಕ್ಟರ್ ಸೀವರ್ಡ್ ಫೋನೋಗ್ರಾಫಿನಲ್ಲಿ ಮಾತು ಮುದ್ರಿಸಿಕೊಳ್ಳುತ್ತಾನೆ. ಕೌಂಟ್ ಡ್ರಾಕುಲಾನ ಕಡೆಯ ಕಥೆ ಮಾತ್ರ ಎಲ್ಲಿಯೂ ಇಲ್ಲ. ಒಂದು ಸ್ವಾಗತ ಪತ್ರದಂಥ ಚಿಕ್ಕ ಬರಹ ಬಿಟ್ಟರೆ ಅವನ ಬಗ್ಗೆ ನಮಗೆ ತಿಳಿಯುವುದೆಲ್ಲ ಅವನನ್ನು ಬೇಟೆಯಾಡಿದವರ ಬಾಯಿಂದ. ಈ ಖಾಲಿ ಜಾಗವೇ ನೂರಿಪ್ಪತ್ತೈದು ವರ್ಷಗಳಿಂದ ಓದುಗರನ್ನು ಎಳೆಯುತ್ತಿದೆ. ಅಲ್ಲಿ ಯಾರು ಏನನ್ನು ಕಂಡರು ಎನ್ನುವುದನ್ನು ಗಮನಿಸಿದರೆ ಆಯಾ ಕಾಲದ ಅಂಜಿಕೆಗಳು ಕಾಣುತ್ತವೆ. ಯಾವ ಓದು ನಿಂತಿತು, ಯಾವುದು ಸವೆಯಿತು ಎನ್ನುವುದೂ ತಿಳಿಯುತ್ತದೆ.

ಮೊದಲ ಓದುಗರು

ಕಾದಂಬರಿ ಹೊರಬಂದ ವಾರದೊಳಗೇ 'ಡೈಲಿ ಮೇಲ್' ಪತ್ರಿಕೆ ಅದನ್ನು 'ಫ್ರಾಂಕೆನ್‌ಸ್ಟೈನ್', 'ವದರಿಂಗ್ ಹೈಟ್ಸ್'ಗಳ ಸಾಲಿನಲ್ಲಿಟ್ಟು ಹೊಗಳಿತು. 'ಅಥೀನಿಯಂ'ಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ರೋಮಾಂಚನ ಧಾರಾಳವಾಗಿದೆ, ಕಟ್ಟುವ ಕಲೆ ಸಾಲದು ಎಂಬುದು ಅದರ ತೀರ್ಪು. 'ಸ್ಪೆಕ್ಟೇಟರ್' ಎತ್ತಿದ ಆಕ್ಷೇಪ ಇನ್ನೂ ಕುತೂಹಲಕರ: ಫೋನೋಗ್ರಾಫ್, ಟೈಪ್‌ರೈಟರುಗಳ ನಡುವೆ ಬೆಳ್ಳುಳ್ಳಿ, ಶಿಲುಬೆ, ಮರದ ಗೂಟಗಳು ಹೊಂದುವುದಿಲ್ಲ, ಕಥೆಯನ್ನು ಹಿಂದಿನ ಕಾಲದಲ್ಲಿ ಇಟ್ಟಿದ್ದರೆ ಚೆನ್ನಾಗಿತ್ತು ಎಂದು. ಅಂದು ದೋಷವೆನಿಸಿದ ಈ ಹೊಂದಾಣಿಕೆಯಿಲ್ಲದ ಜೋಡಣೆಯನ್ನೇ ಮುಂದಿನವರು ಕಾದಂಬರಿಯ ಜೀವಾಳವೆಂದು ಎತ್ತಿಹಿಡಿದರು.

ಷೆರ್ಲಾಕ್ ಹೋಮ್ಸನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ ಆ ಆಗಸ್ಟಿನಲ್ಲೇ ಸ್ಟೋಕರರಿಗೆ ಕಾಗದ ಬರೆದು ಮನಸಾರೆ ಮೆಚ್ಚಿಕೊಂಡರು. ಸ್ಟೋಕರರ ತಾಯಿ ಷಾರ್ಲಟ್ ಕೂಡ ಮಗನ ಪುಸ್ತಕ ಓದಿ ಹಿಗ್ಗಿದರು. 1832ರಲ್ಲಿ ಐರ್ಲೆಂಡಿನ ಸ್ಲೈಗೋ ಊರನ್ನು ಕಾಲರಾ ಬಡಿದಾಗ ಆಕೆ ಅಲ್ಲಿದ್ದ ಹುಡುಗಿ. ಜೀವ ಹೋಗುವ ಮೊದಲೇ ಜನರನ್ನು ಹೂಳಿದ ಕಥೆಗಳನ್ನು ಮಗನಿಗಾಗಿ ಬರೆದುಕೊಟ್ಟವರು. ಪುಸ್ತಕದಲ್ಲಿ ಸತ್ತೂ ಸಾಯದವರ ಭಯ ಎಲ್ಲಿಂದ ಬಂತೆಂಬುದನ್ನು ಆಕೆಯಷ್ಟು ಬಲ್ಲ ಓದುಗರು ಬೇರೆ ಇರಲಿಲ್ಲ.

ಆ ಮೊದಲ ವಿಮರ್ಶೆಗಳಲ್ಲಿ ಕಾಮದ ಪ್ರಸ್ತಾಪ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಡ್ರಾಕುಲಾನ ಕೋಟೆಯ ಮೂವರು ಹೆಂಗಸರು ಹಾರ್ಕರನ ಮೇಲೆ ಬಾಗುವ ಪುಟಗಳನ್ನು ಅವರು ಬರಿಯ ಭಯದ ಪುಟಗಳೆಂದು ಓದಿದರು. ಸ್ವತಃ ಸ್ಟೋಕರ್ 1908ರಲ್ಲಿ ಪ್ರಬಂಧವೊಂದನ್ನು ಬರೆದು, ಅಶ್ಲೀಲ ಕಾದಂಬರಿಗಳಿಗೆ ಸೆನ್ಸಾರ್ ಬೇಕೆಂದು ವಾದಿಸಿದರು. ತಾವು ಬರೆದದ್ದರಲ್ಲಿ ಏನಿದೆಯೆಂದು ಅವರಿಗೂ ಪೂರ್ತಿ ತಿಳಿದಿರಲಿಲ್ಲವೆಂದೇ ಹೇಳಬೇಕು.

ಆ ಮೊದಲ ಓದುಗರಿಗಿದ್ದ ಒಂದು ಭಾಗ್ಯ ನಮಗಿಲ್ಲ. ಡ್ರಾಕುಲಾ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಹಾರ್ಕರ್ ಆ ಕೋಟೆಯತ್ತ ಹೊರಟ ಪ್ರಯಾಣದ ಆರಂಭದಲ್ಲಿ ಕೆಂಪು ಮೆಣಸಿನ ಕೋಳಿಸಾರು ಉಂಡು, ಮೀನಾಳಿಗಾಗಿ ಅದನ್ನು ಮಾಡುವ ಬಗೆ ಕೇಳಿಕೊಳ್ಳಬೇಕೆಂದು ಬರೆದುಕೊಳ್ಳುತ್ತಾನೆ. 1897ರ ಓದುಗರಿಗೆ ಅದೊಂದು ಸುಖದ ಪ್ರವಾಸಕಥನ. ಕೌಂಟ್ ಹಿಂದೆ ನಿಂತಿದ್ದರೂ ಕ್ಷೌರದ ಕನ್ನಡಿಯಲ್ಲಿ ಅವನ ಬಿಂಬ ಮೂಡದೆ ಹೋದಾಗ ಅವರ ಎದೆ ಹಾರ್ಕರನ ಜೊತೆಗೇ ಝಲ್ಲೆಂದಿತು.

ತಿದ್ದಿದವರು, ಆಡಿದವರು

ಕೆಲವರು ಓದಿ ಸುಮ್ಮನಾಗಲಿಲ್ಲ, ಕಥೆಯನ್ನೇ ಬದಲಾಯಿಸಿದರು. 1899ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರತೊಡಗಿದ ರೂಪಾಂತರ ಮೂಲಕ್ಕಿಂತ ಬಹಳ ಬೇರೆಯಾಗಿತ್ತು. ಅದನ್ನು ಆಧರಿಸಿ ವಾಲ್ಡಿಮಾರ್ ಆಸ್ಮುಂಡ್ಸನ್ 1900ರಿಂದ ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ಪ್ರಕಟಿಸಿದ ಕೃತಿಯಲ್ಲಿ ಕೋಟೆಯ ಭಾಗ ಹಿಗ್ಗಿ, ಉಳಿದದ್ದು ಕುಗ್ಗಿಹೋಗಿತ್ತು. ಇದು ಅನುವಾದವಲ್ಲ, ಹೊಸ ಕಥೆ ಎಂಬುದು ಹೊರಜಗತ್ತಿಗೆ ತಿಳಿದದ್ದು 2014ರಲ್ಲಿ, ಡಚ್ ವಿದ್ವಾಂಸ ಹಾನ್ಸ್ ಡಿ ರೂಸ್ ಅದನ್ನು ಮೂಲದೊಡನೆ ಹೋಲಿಸಿ ನೋಡಿದಾಗ.

ರಂಗಭೂಮಿ, ಸಿನಿಮಾ ಮಾಡಿದ ಬದಲಾವಣೆ ಇದಕ್ಕಿಂತ ದೊಡ್ಡದು. 1922ರಲ್ಲಿ ಜರ್ಮನ್ ನಿರ್ದೇಶಕ ಮುರ್ನಾವ್ ಅನುಮತಿಯಿಲ್ಲದೆ 'ನೋಸ್ಫೆರಾಟು' ಚಿತ್ರ ತೆಗೆದರು. ಸ್ಟೋಕರರ ವಿಧವೆ ಫ್ಲಾರೆನ್ಸ್ ದಾವೆ ಹೂಡಿ ಗೆದ್ದರು. ಪ್ರತಿಗಳನ್ನು ನಾಶಮಾಡುವಂತೆ 1925ರಲ್ಲಿ ಜರ್ಮನ್ ನ್ಯಾಯಾಲಯ ಆದೇಶಿಸಿತು. ಆದರೂ ಕೆಲವು ಪ್ರತಿಗಳು ಉಳಿದುಕೊಂಡವು. 1924ರಲ್ಲಿ ಹ್ಯಾಮಿಲ್ಟನ್ ಡೀನ್ ಇಂಗ್ಲೆಂಡಿನಲ್ಲಿ ನಾಟಕ ಆಡಿಸಿದರು. 1927ರಲ್ಲಿ ಅದು ಬ್ರಾಡ್‌ವೇ ಸೇರಿ, 1931ರ ಹಾಲಿವುಡ್ ಚಿತ್ರದೊಂದಿಗೆ ಬೇಲಾ ಲುಗೋಸಿಯ ಮುಖ ಡ್ರಾಕುಲಾನ ಮುಖವಾಗಿ ನೆಲೆಯೂರಿತು.

ಅಂದಿನಿಂದ ಹೊಸ ಓದುಗರು ಪುಸ್ತಕಕ್ಕೆ ಬರುವುದು ಸಿನಿಮಾ ನೋಡಿದ ಮೇಲೆ. ಬಂದವರಿಗೆ ಆಶ್ಚರ್ಯ ಕಾದಿರುತ್ತದೆ. ಪುಸ್ತಕದ ಡ್ರಾಕುಲಾ ಬಿಳಿ ಮೀಸೆಯ ಮುದುಕ, ರಕ್ತ ಕುಡಿದಂತೆ ಎಳೆಯನಾಗುವವನು. ಹಗಲಿನಲ್ಲೇ ಲಂಡನ್ ಬೀದಿಯಲ್ಲಿ ಓಡಾಡುತ್ತಾನೆ. ಬಿಸಿಲು ತಾಗಿದರೆ ಸಾಯುವ ಕಲ್ಪನೆ 'ನೋಸ್ಫೆರಾಟು' ಕೊಟ್ಟದ್ದು. ಮೊದಲ ನಾಲ್ಕು ಅಧ್ಯಾಯಗಳಾದ ಮೇಲೆ ಅವನು ಕಾಣಿಸುವುದೇ ಅಪರೂಪ. ಇದರಿಂದ ನಿರಾಶರಾದವರು ಬಹಳ. ಆದರೆ ಎಲ್ಲೆಲ್ಲೂ ಇದ್ದು ಕಣ್ಣಿಗೆ ಬೀಳದಿರುವುದೇ ಅವನ ಬಲವೆಂದು ಕಂಡುಕೊಂಡವರು ಪುಸ್ತಕವನ್ನು ಮತ್ತೊಮ್ಮೆ ಕೈಗೆತ್ತಿಕೊಂಡರು.

ವಿದ್ವಾಂಸರ ಸರದಿ

ದೀರ್ಘಕಾಲ ವಿಶ್ವವಿದ್ಯಾಲಯಗಳು ಈ ಕಾದಂಬರಿಯನ್ನು ಹತ್ತಿರ ಸೇರಿಸಲಿಲ್ಲ. 1959ರಲ್ಲಿ ಮಾರಿಸ್ ರಿಚರ್ಡ್‌ಸನ್ ಫ್ರಾಯ್ಡನ ಕನ್ನಡಕದಿಂದ ಓದಿ, ಹೆಂಗಸರನ್ನೆಲ್ಲ ತನ್ನವರಾಗಿಸಿಕೊಂಡ ತಂದೆಯನ್ನು ಮಕ್ಕಳು ಒಟ್ಟಾಗಿ ಕೊಲ್ಲುವ ಕಥೆಯಿದು ಎಂದರು. ಬಾಗಿಲು ತೆರೆದದ್ದು ಅಲ್ಲಿಂದ. 1972ರಲ್ಲಿ ರೇಮಂಡ್ ಮೆಕ್‌ನಾಲಿ ಮತ್ತು ರಾದು ಫ್ಲೊರೆಸ್ಕು ಬರೆದ ಪುಸ್ತಕ, ಡ್ರಾಕುಲಾನ ಮೂಲ ಹದಿನೈದನೆಯ ಶತಮಾನದ ವಲಾಕಿಯಾದ ಕ್ರೂರ ಅರಸು ವ್ಲಾಡ್ ಎಂದು ಜನಪ್ರಿಯಗೊಳಿಸಿತು. ಪ್ರವಾಸೋದ್ಯಮಕ್ಕೆ ಇದು ಹಬ್ಬವಾಯಿತು.

ಆದರೆ ಸ್ಟೋಕರರ ಟಿಪ್ಪಣಿಗಳು ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹಾಲಯದಲ್ಲಿ ಉಳಿದಿವೆ. 1890ರ ಬೇಸಿಗೆಯಲ್ಲಿ ವಿಟ್ಬಿ ಊರಿನ ಗ್ರಂಥಾಲಯದಲ್ಲಿ ವಿಲಿಯಂ ವಿಲ್ಕಿನ್‌ಸನ್ 1820ರಲ್ಲಿ ಬರೆದ ಪುಸ್ತಕದಿಂದ ಅವರು ಆ ಹೆಸರನ್ನು ಎತ್ತಿಕೊಂಡದ್ದು ಅಲ್ಲಿದೆ. ಶೂಲಕ್ಕೇರಿಸುತ್ತಿದ್ದ ವ್ಲಾಡನ ಕಥೆ ಅಲ್ಲಿಲ್ಲ. ಕೆನಡಾದ ಎಲಿಜಬೆತ್ ಮಿಲ್ಲರ್ ಇದನ್ನು ಎಡೆಬಿಡದೆ ತೋರಿಸಿಕೊಟ್ಟರು. 2008ರಲ್ಲಿ ರಾಬರ್ಟ್ ಐಟೀನ್-ಬಿಸಾಂಗ್ ಜೊತೆ ಸೇರಿ ಟಿಪ್ಪಣಿಗಳನ್ನೇ ಪ್ರಕಟಿಸಿದರು. ವ್ಲಾಡನ ಕೋಟೆಗಳ ಸುತ್ತ ಕಟ್ಟಿದ ವಾದ ಕಾಗದದ ಮುಂದೆ ಸೊರಗಿತು.

ಕಾಗದಕ್ಕೆ ಅಂಟಿಕೊಂಡ ಓದು ಗಟ್ಟಿಯಾಗಿ ನಿಂತಿತು. ಸ್ತ್ರೀವಾದಿ ಓದು ಅಂಥದ್ದು. 1977ರಲ್ಲಿ ಫಿಲಿಸ್ ರಾತ್, 1984ರಲ್ಲಿ ಕ್ರಿಸ್ಟೊಫರ್ ಕ್ರಾಫ್ಟ್ ಬರೆದ ಪ್ರಬಂಧಗಳು ಮೊದಲ ಓದುಗರ ಕಣ್ಣಿಗೆ ಬೀಳದ ಕಾಮವನ್ನೂ, ಹೆಣ್ಣು ತಾನಾಗಿ ಬಯಸಿದರೆ ಗಂಡಸರಿಗೆ ಹುಟ್ಟುವ ದಿಗಿಲನ್ನೂ ಬೆಳಕಿಗೆ ತಂದವು. ಸಾಮಾನ್ಯ ಓದುಗರು ಇದನ್ನು ಸಿದ್ಧಾಂತದ ನೆರವಿಲ್ಲದೆಯೂ ಮನಗಂಡಿದ್ದಾರೆ, ಮೀನಾಳ ಪ್ರಸಂಗದಲ್ಲಿ. ಶೀಘ್ರಲಿಪಿ ಬಲ್ಲವಳು, ರೈಲಿನ ವೇಳಾಪಟ್ಟಿ ಬಾಯಿಪಾಠ ಮಾಡಿದವಳು ಆಕೆ. ಎಲ್ಲರ ದಿನಚರಿಗಳನ್ನೂ ಟೈಪ್ ಮಾಡಿ, ತಾರೀಖಿನ ಕ್ರಮದಲ್ಲಿ ಜೋಡಿಸಿ, ಶತ್ರು ಯಾರೆಂದು ಗಂಡಸರಿಗೆ ಮನವರಿಕೆ ಮಾಡಿಕೊಡುವವಳು ಅವಳೇ. ಕೆಲಸ ಮುಗಿದ ಕೂಡಲೇ, ಸೆಪ್ಟೆಂಬರ್ 30ರ ರಾತ್ರಿ, ಇನ್ನು ಮುಂದಿನದು ಹೆಂಗಸರಿಗೆ ತಕ್ಕದ್ದಲ್ಲವೆಂದು ಅವಳನ್ನು ಹೊರಗಿಡುತ್ತಾರೆ. ಮರುದಿನ ಅವಳು ಬಿಳಿಚಿಕೊಂಡಿರುವುದನ್ನು ಗಂಡ ಕಾಣುತ್ತಾನೆ, ಆಯಾಸವಿರಬೇಕೆಂದು ಬರೆದುಕೊಳ್ಳುತ್ತಾನೆ. ಡ್ರಾಕುಲಾ ರಕ್ತ ಹೀರಿದ ಲೂಸಿಯ ಬಿಳಿಚಿದ ಮುಖವನ್ನು ನೂರು ಪುಟಗಳ ಹಿಂದೆಯೇ ಕಂಡಿರುವ ಓದುಗರಿಗೆ ಇಲ್ಲಿ ಸಿಟ್ಟು ಉಕ್ಕುತ್ತದೆ. ಅದು ನ್ಯಾಯವಾದ ಸಿಟ್ಟು. ಅವಳನ್ನು ಹೊರಗಿಟ್ಟದ್ದೇ ಡ್ರಾಕುಲಾನಿಗೆ ದಾರಿಯಾಯಿತು. ಕೊನೆಗೆ ಅವನು ನದಿಯ ಹಾದಿಯಲ್ಲಿ ಹಿಂದಿರುಗುತ್ತಿದ್ದಾನೆಂದು ತರ್ಕಿಸಿ ಹೇಳುವವಳೂ ಮೀನಾಳೇ.

ವೈದ್ಯರು ಓದುವಾಗ ಬೆಚ್ಚುವ ಜಾಗ ಬೇರೆ. ಲೂಸಿಯನ್ನು ಉಳಿಸಲು ನಾಲ್ವರು ಗಂಡಸರು ಒಬ್ಬರಾದ ಮೇಲೊಬ್ಬರು ರಕ್ತ ಕೊಡುತ್ತಾರೆ, ಯಾರ ರಕ್ತ ಯಾರಿಗೆ ಹೊಂದುತ್ತದೆಂಬ ಪರೀಕ್ಷೆಯೇ ಇಲ್ಲದೆ. ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿವರಿಸಿದ್ದು 1901ರಲ್ಲಿ, ಕಾದಂಬರಿ ಬಂದು ನಾಲ್ಕು ವರ್ಷಗಳ ಮೇಲೆ. ಹಾಗಾಗಿ ಇಂದಿನವರಿಗೆ ಆ ಅಧ್ಯಾಯ ಸ್ಟೋಕರ್ ಊಹಿಸಿದ್ದಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ಸಾಮ್ರಾಜ್ಯದ ಹೊರಗಿನಿಂದ

1990ರಲ್ಲಿ ಸ್ಟೀಫನ್ ಅರಾಟಾ ಹೊಸ ಪ್ರಶ್ನೆ ಎತ್ತಿದರು. ಜಗತ್ತಿನ ನಾಡುಗಳಿಗೆ ಹೋಗಿ ನೆಲ, ಜನ, ಸಂಪತ್ತನ್ನು ವಶಮಾಡಿಕೊಂಡ ಬ್ರಿಟನ್ನು, ಯಾರೋ ತನ್ನ ಮನೆಗೇ ಬಂದು ಅದನ್ನೇ ಮಾಡಿಯಾರೆಂದು ಹೆದರಿದ ಕಥೆ ಇದಲ್ಲವೇ ಎಂದು. ಮೂರು ವರ್ಷಗಳ ಮೇಲೆ ಜುಡಿತ್ ಹಾಲ್ಬರ್‌ಸ್ಟಾಮ್, ಡ್ರಾಕುಲಾನ ಚಹರೆಯಲ್ಲಿ ಅಂದಿನ ಯಹೂದಿ ದ್ವೇಷದ ಗೆರೆಗಳಿವೆಯೆಂದು ತೋರಿಸಿದರು. ಐರ್ಲೆಂಡಿನ ವಿಮರ್ಶಕರು ಅವನಲ್ಲಿ ರೈತರ ರಕ್ತ ಹೀರಿದ ಜಮೀನುದಾರನನ್ನು ಕಂಡರು. ರೊಮೇನಿಯದವರ ಪಾಡು ಇನ್ನೊಂದು ಬಗೆ. ಅವರಿಗೆ ವ್ಲಾಡ್ ರಾಷ್ಟ್ರವೀರ. ಕಾದಂಬರಿ ಅವರ ಭಾಷೆಯಲ್ಲಿ ಪುಸ್ತಕವಾಗಿ ಬಂದದ್ದು ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ ಉರುಳಿದ ಮೇಲೆ, 1990ರಲ್ಲಿ. ಸ್ಟೋಕರ್ ಒಮ್ಮೆಯೂ ಕಾಲಿಡದ ತಮ್ಮ ಟ್ರಾನ್ಸಿಲ್ವೇನಿಯಾವನ್ನು ಅವರು ಅಷ್ಟು ತಡವಾಗಿ ಸ್ಟೋಕರರ ಕಣ್ಣಿನಿಂದ ನೋಡಿದರು.

ಈ ಚರ್ಚೆಯಲ್ಲಿ ನಮಗೂ ಪಾಲಿದೆ. ಕನ್ನಡದ ಮಕ್ಕಳು 'ಚಂದಮಾಮ'ದಲ್ಲಿ ಓದಿ ಬೆಳೆದ ವಿಕ್ರಮ-ಬೇತಾಳರನ್ನು ರಿಚರ್ಡ್ ಬರ್ಟನ್ 1870ರಲ್ಲಿ ಇಂಗ್ಲಿಷಿಗೆ ತಂದು, ಬೇತಾಳವನ್ನು ವ್ಯಾಂಪೈರ್ ಎಂದೇ ಕರೆದಿದ್ದರು. ಸ್ಟೋಕರ್ ಬರ್ಟನ್ನರನ್ನು ಬಲ್ಲವರಾಗಿದ್ದರು. ಮಾತಾಡುವಾಗ ಹೊಳೆಯುತ್ತಿದ್ದ ಅವರ ಕೋರೆಹಲ್ಲನ್ನು 1906ರ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಆದರೆ ಇದಕ್ಕಿಂತ ಆಳವಾಗಿ ತಟ್ಟುವುದು ಎರಡನೆಯ ಅಧ್ಯಾಯ. ಡ್ರಾಕುಲಾ ಪುಸ್ತಕಗಳಿಂದ ಇಂಗ್ಲಿಷ್ ಕಲಿತವನು. ಲಂಡನ್ನಿನ ಡೈರೆಕ್ಟರಿ, ಕಾನೂನಿನ ಪಟ್ಟಿ, ರೈಲ್ವೆ ಗೈಡ್ ಎಲ್ಲವನ್ನೂ ತರಿಸಿಟ್ಟುಕೊಂಡಿದ್ದಾನೆ. ತನ್ನ ಉಚ್ಚಾರ ತಪ್ಪಿದರೆ ತಿದ್ದು ಎಂದು ಹಾರ್ಕರನನ್ನು ಕೇಳಿಕೊಳ್ಳುತ್ತಾನೆ. ಊರಿನಲ್ಲಿ ತಾನು ದೊರೆ, ಲಂಡನ್ನಿನಲ್ಲಿ ಬಾಯಿ ತೆರೆದರೆ ಪರಕೀಯನೆಂದು ಜನ ತಿರುಗಿ ನೋಡಿಯಾರು ಎಂಬುದು ಅವನ ಅಳುಕು. ಇಂಗ್ಲಿಷ್ ಉಚ್ಚಾರಕ್ಕಾಗಿ ಸಂದರ್ಶನದ ಕೋಣೆಯಲ್ಲಿ ಅಳೆಯಿಸಿಕೊಂಡ ನಮ್ಮವರು ಈ ಪುಟವನ್ನು ಲಂಡನ್ನಿನವರಂತೆ ಓದಲಾರರು. ರಾಕ್ಷಸನ ಬಗ್ಗೆ ಅನುಕಂಪ ಹುಟ್ಟುವ ಜಾಗವಿದು. ಅನುಕಂಪ ಹುಟ್ಟಿದ ಮೇಲೂ ಅವನ ಕೇಡು ಕೇಡಾಗಿಯೇ ಉಳಿಯುತ್ತದೆ ಎಂಬುದರಲ್ಲಿ ಕಾದಂಬರಿಯ ಬಲವಿದೆ.

ತಾರೀಖಿಗೆ ಸರಿಯಾಗಿ

ಇತ್ತೀಚಿನ ದೊಡ್ಡ ಅಲೆ ಎದ್ದದ್ದು 'ಡ್ರಾಕುಲಾ ಡೈಲಿ'ಯಿಂದ. 2021ರಲ್ಲಿ ಶುರುವಾಗಿ ಮರುವರ್ಷ ಜಗತ್ತಿನೆಲ್ಲೆಡೆ ಹಬ್ಬಿದ ಈ ಯೋಜನೆಯಲ್ಲಿ ಕಾದಂಬರಿಯ ಪ್ರತಿಯೊಂದು ಬರಹವೂ ಅದರದೇ ತಾರೀಖಿನಂದು ಇಮೇಲಿನಲ್ಲಿ ಬರುತ್ತದೆ, ಮೇ 3ರಿಂದ ನವೆಂಬರಿನವರೆಗೆ. ಪುಸ್ತಕದಲ್ಲಿ ಹಾರ್ಕರನ ಜೂನ್ 30ರ ದಿನಚರಿ ಮುಗಿದ ಮೇಲೆ ಗೆಳತಿಯರ ಮೇ ತಿಂಗಳ ಪತ್ರಗಳು ಬರುತ್ತವೆ. ತಾರೀಖಿನಂತೆ ಓದಿದಾಗ ಎರಡೂ ಹೆಣೆದುಕೊಳ್ಳುತ್ತವೆ. ಮೇ 19ರಂದು ಡ್ರಾಕುಲಾ ಹಾರ್ಕರನ ಕೈಯಲ್ಲಿ ಮುಂದಿನ ತಾರೀಖು ಹಾಕಿದ ಮೂರು ಸುಳ್ಳು ಕಾಗದ ಬರೆಸುತ್ತಾನೆ. ಕೊನೆಯದು ಜೂನ್ 29. ತನ್ನ ಆಯುಷ್ಯ ಎಷ್ಟೆಂದು ಹಾರ್ಕರನಿಗೆ ಆಗ ತಿಳಿಯುತ್ತದೆ. ಐದು ದಿನ ಕಳೆದು, ಮೇ 24ರಂದು, ಒಂದೇ ದಿನ ಮೂವರು ತನ್ನ ಕೈಹಿಡಿಯಲು ಕೇಳಿದರೆಂದು ಲೂಸಿ ಸಂಭ್ರಮದಿಂದ ಮೀನಾಳಿಗೆ ಬರೆಯುತ್ತಾಳೆ. ಆಮೇಲೆ ಹಾರ್ಕರನಿಂದ ಸುದ್ದಿಯಿಲ್ಲದ ದಿನಗಳು. ಆ ಮೌನವನ್ನು ಓದುಗರು ಮೀನಾಳಂತೆಯೇ ಕಾದು ಅನುಭವಿಸಿದರು. ಮೊದಲ ಓದುಗರಿಗಿದ್ದ ಆತಂಕದ ಒಂದು ಪಾಲು, ಕಥೆ ಗೊತ್ತಿದ್ದೂ, ಮತ್ತೆ ದಕ್ಕಿತು.

ಇದು ಮೀನಾ ಮಾಡಿದ ಕೆಲಸವೇ. ಚೆದುರಿದ ಕಾಗದಗಳನ್ನು ತಾರೀಖಿನಂತೆ ಜೋಡಿಸಿ, ಒಬ್ಬರು ಕಂಡದ್ದನ್ನು ಇನ್ನೊಬ್ಬರು ಓದುವಂತೆ ಮಾಡಿದ ಮೇಲೆಯೇ ಕಥೆಯೊಳಗಿನವರು ಗೆಲ್ಲುತ್ತಾರೆ. ಕಾದಂಬರಿಯ ಹೊರಗೂ ಹೀಗೆಯೇ ನಡೆದಿದೆ. ತಾಯಿ ಕಂಡ ಕಾಲರಾ, ಸ್ತ್ರೀವಾದಿಗಳು ಕಂಡ ದಿಗಿಲು, ಅರಾಟಾ ಕಂಡ ಸಾಮ್ರಾಜ್ಯ, ಇವುಗಳಲ್ಲಿ ಯಾವುದೊಂದೂ ಡ್ರಾಕುಲಾನನ್ನು ಪೂರ್ತಿ ಹಿಡಿಯಲಿಲ್ಲ. ಒಟ್ಟಿಗಿಟ್ಟು ನೋಡಿದಾಗ ಅವನ ಆಕಾರ ಸ್ಪಷ್ಟವಾಗುತ್ತ ಬಂದಿದೆ. ಪಠ್ಯ ಬಿಟ್ಟು ಕೋಟೆಗಳ ಹಿಂದೆ ಹೋದ ಓದುಗಳು ಮಾತ್ರ ಉದುರಿವೆ. ಆಳಿಸಿಕೊಂಡ ನಾಡಿನವರಾಗಿ, ಬೇತಾಳನನ್ನು ಹೆಗಲ ಮೇಲೆ ಹೊತ್ತ ಕಥೆ ಬಲ್ಲವರಾಗಿ, ಕನ್ನಡದ ಓದುಗರು ಮೂಲವನ್ನು ಕೈಗೆತ್ತಿಕೊಂಡು ತಮಗೆ ಕಂಡದ್ದನ್ನು ಬರೆಯಬೇಕು. ಆ ದಾಖಲೆಗಳ ಕಟ್ಟಿನಲ್ಲಿ ನಮ್ಮ ಪುಟಗಳಿಗೆ ಜಾಗವಿದೆ.