ಯಂತ್ರಕ್ಕೆ ಪಾಠ ಹೇಳಿದವರು

1957ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್ ಬರೆದ ಪ್ರೋಗ್ರಾಮಿನಿಂದ ಐಬಿಎಂ 704 ಎಂಬ ದೈತ್ಯ ಯಂತ್ರ 17 ಸೆಕೆಂಡಿನ ಸಂಗೀತ ನುಡಿಸಿತು. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲೆಜಾರೆನ್ ಹಿಲ್ಲರ್ ಮತ್ತು ಲಿಯೊನಾರ್ಡ್ ಐಸಾಕ್ಸನ್ 'ಇಲಿಯಾಕ್ ಸೂಟ್' ಮುಗಿಸಿದರು. ಇಲ್ಲಿ ಯಂತ್ರದ ಕೆಲಸ ಸ್ವರಲಿಪಿ ಬರೆಯುವುದಷ್ಟೇ. ನುಡಿಸಿದವರು ನಾಲ್ವರು ತಂತಿವಾದ್ಯಗಾರರು. ಯಂತ್ರ ಮನಬಂದಂತೆ ಸ್ವರ ಎತ್ತಿಕೊಡುತ್ತಿತ್ತು, ಪಾಶ್ಚಾತ್ಯ ಸಂಗೀತಶಾಸ್ತ್ರದ ನಿಯಮಗಳಿಗೆ ಒಗ್ಗದ್ದನ್ನು ಪ್ರೋಗ್ರಾಂ ತಳ್ಳಿಹಾಕುತ್ತಿತ್ತು. ಆ ನಿಯಮಗಳನ್ನು ಬರೆದುಕೊಟ್ಟವರು ಮನುಷ್ಯರು. ಮುಂದೆ ಚಿತ್ರ, ನೃತ್ಯ, ಶಿಲ್ಪಕ್ಕೂ ಕಂಪ್ಯೂಟರ್ ಕಾಲಿಟ್ಟಾಗ ಕೇಳಬೇಕಾದ ಪ್ರಶ್ನೆ ಇದೇ ಆಗಿತ್ತು: ನಿಯಮ ಯಾರದ್ದು?

ಚಿತ್ರಕಲೆಯಲ್ಲಿ ಮೊದಲು ನಿಯಮ ಬರೆದವರು ಗಣಿತಜ್ಞರು, ಎಂಜಿನಿಯರುಗಳು. 1965ರಲ್ಲಿ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಗೆಯೋರ್ಗ್ ನೇಸ್ ಮತ್ತು ಫ್ರೀಡರ್ ನಾಕೆ, ನ್ಯೂಯಾರ್ಕಿನಲ್ಲಿ ಮೈಕಲ್ ನೋಲ್ ಮತ್ತು ಬೇಲಾ ಯೂಲೆಸ್ ಕಂಪ್ಯೂಟರ್ ಚಿತ್ರಗಳ ಪ್ರದರ್ಶನ ಇಟ್ಟರು. ನೋಲ್ ಮಾಡಿದ ಒಂದು ಪರೀಕ್ಷೆ ಇವತ್ತಿಗೂ ಸ್ವಾರಸ್ಯಕರ. ಡಚ್ ಕಲಾವಿದ ಮೊಂಡ್ರಿಯಾನ್ 1917ರಲ್ಲಿ ಬಿಡಿಸಿದ, ಬರೀ ಅಡ್ಡ-ಉದ್ದ ಗೆರೆಗಳ ಚಿತ್ರವೊಂದನ್ನೂ ಅದೇ ಮಾದರಿಯಲ್ಲಿ ತಾನು ಕಂಪ್ಯೂಟರಿನಿಂದ ಬರೆಸಿದ್ದನ್ನೂ ಅವರು 100 ಜನರಿಗೆ ತೋರಿಸಿದರು. ಯಾವುದು ಯಂತ್ರದ್ದೆಂದು ಸರಿಯಾಗಿ ಹೇಳಿದವರು 28 ಮಂದಿ. 59 ಮಂದಿಗೆ ಹಿಡಿಸಿದ್ದು ಯಂತ್ರದ ಚಿತ್ರವೇ! ಮೊಂಡ್ರಿಯಾನ್ ಸೋತರೆಂದು ಹೇಳಲಾಗದು. ಯಂತ್ರ ಅನುಕರಿಸಲು ಅವರ ಚಿತ್ರ ಮೊದಲು ಇರಬೇಕಿತ್ತಲ್ಲ.

ಕಲಾವಿದನೇ ನಿಯಮ ಬರೆದರೆ ಏನಾಗುತ್ತದೆಂದು ತೋರಿಸಿದವರು ಬ್ರಿಟಿಷ್ ಚಿತ್ರಕಾರ ಹೆರಾಲ್ಡ್ ಕೋಹೆನ್. 1970ರ ದಶಕದ ಆರಂಭದಲ್ಲಿ ಶುರುಮಾಡಿದ, ಚಿತ್ರ ಬಿಡಿಸುವ 'ಆರನ್' ಎಂಬ ಪ್ರೋಗ್ರಾಮನ್ನು 2016ರಲ್ಲಿ ತೀರಿಕೊಳ್ಳುವವರೆಗೂ ತಿದ್ದುತ್ತಲೇ ಇದ್ದರು. ಈ ಇಡೀ ಕ್ಷೇತ್ರದಲ್ಲಿ ಇಷ್ಟು ದೀರ್ಘ ಸಾಧನೆ ನನಗೆ ಬೇರೆ ಕಾಣುವುದಿಲ್ಲ.

ನೃತ್ಯಕ್ಕೆ ಬಂದರೆ ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಹೆಸರು ಎತ್ತಲೇಬೇಕು. ಎಪ್ಪತ್ತರ ವಯಸ್ಸಿನಲ್ಲಿ, ಕೀಲುನೋವಿನಿಂದ ತಾವೇ ಕುಣಿದು ತೋರಿಸುವುದು ಕಷ್ಟವಾದಾಗ, ಅವರು ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ತಯಾರಾದ 'ಲೈಫ್ ಫಾರ್ಮ್ಸ್' ತಂತ್ರಾಂಶ ಕಲಿತರು. ಪರದೆಯ ಮೇಲಿನ ಆಕೃತಿಯ ಕೈ, ಕಾಲು, ಮುಂಡಗಳನ್ನು ಬೇರೆಬೇರೆಯಾಗಿ ತಿರುಗಿಸಬಹುದು. ಹಾಗೆ ಜೋಡಿಸಿದ ಭಂಗಿಗಳಲ್ಲಿ ಕೆಲವು ಯಾವ ಮೈಯಿಂದಲೂ ಸಾಧ್ಯವಿರಲಿಲ್ಲ. ಉಳಿದವನ್ನು ಕಲಾವಿದರು ತಾಲೀಮಿನಲ್ಲಿ ತಮ್ಮ ಮೈಗೆ ಒಗ್ಗಿಸಿಕೊಂಡರು. 1991ರ 'ಟ್ರ್ಯಾಕರ್ಸ್' ಹೀಗೆ ಹುಟ್ಟಿತು. 1999ರ 'ಬೈಪೆಡ್'ನಲ್ಲಿ ನರ್ತಕರ ಚಲನೆಯನ್ನು ಸೆರೆಹಿಡಿದು, ಗೆರೆಯ ಆಕೃತಿಗಳಾಗಿಸಿ, ರಂಗದ ಮುಂದಿನ ತೆಳುಪರದೆಯ ಮೇಲೆ ಬಿಟ್ಟರು.

ಶಿಲ್ಪದಲ್ಲಿ ಕಂಪ್ಯೂಟರಿನ ಹೆಚ್ಚುಗಾರಿಕೆ ಅಳತೆಯದ್ದು. 1998-99ರಲ್ಲಿ ಸ್ಟ್ಯಾನ್‌ಫರ್ಡಿನ ಮಾರ್ಕ್ ಲೆವಾಯ್ ತಂಡ ಮೈಕೆಲೇಂಜೆಲೊನ ಡೇವಿಡ್ ವಿಗ್ರಹವನ್ನು ಮಿಲಿಮೀಟರಿನ ಕಾಲುಭಾಗದಷ್ಟು ಸೂಕ್ಷ್ಮವಾಗಿ ಲೇಸರ್‌ನಿಂದ ಅಳೆಯಿತು. ಇಂದು ಇಟಲಿಯ ಕರಾರಾದಲ್ಲಿ ರೋಬೋ ತೋಳುಗಳು ಅಮೃತಶಿಲೆ ಕೆತ್ತುತ್ತವೆ. ಕೊನೆಯ ನಯಗಾರಿಕೆ ಇನ್ನೂ ಕೈಯದ್ದೇ.

ನಮ್ಮ ಸಂಗೀತಕ್ಕೆ ಕಥೆ ಬೇರೆ. ಶ್ರುತಿಯ ಮಟ್ಟಿಗೆ ತೊಂದರೆಯಾಗಲಿಲ್ಲ, ಬೆಂಗಳೂರಿನ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಮನೆಮನೆಗೂ ಬಂತು, ಈಗ ಅದು ಮೊಬೈಲಿನಲ್ಲೇ ಸಿಗುತ್ತದೆ. ತೊಡಕು ಇದ್ದದ್ದು ಗಮಕದಲ್ಲಿ, ಅಂದರೆ ಸ್ವರವನ್ನು ಓಲಾಡಿಸುವ ಬಗೆಯಲ್ಲಿ. 1983ರಲ್ಲಿ ಬಂದ 'ಮಿಡಿ' ಪದ್ಧತಿ ಪ್ರತಿ ಸ್ವರಕ್ಕೂ ಕೀಬೋರ್ಡಿನ ಮನೆಯಂತೆ 0ಯಿಂದ 127ರವರೆಗಿನ ಒಂದು ಸಂಖ್ಯೆ ಕೊಡುತ್ತದೆ. ತೋಡಿ ರಾಗದ ಗಾಂಧಾರಕ್ಕೆ ಯಾವ ಸಂಖ್ಯೆ ಕೊಡುವುದು? ಅದು ರಿಷಭ-ಮಧ್ಯಮಗಳ ನಡುವೆ ಓಲಾಡುತ್ತದೆ. ಒಂದೆಡೆ ನಿಲ್ಲಿಸಿದರೆ ತೋಡಿಯೇ ಇಲ್ಲ. ಸ್ವರ ಜಾರಿಸುವ ಸೌಲಭ್ಯ ಮಿಡಿಯಲ್ಲಿ ಮೊದಲಿನಿಂದಲೂ ಇದೆಯಾದರೂ ಅದು ಆ ಸಂಖ್ಯೆಯ ಮೇಲೆ ಹಚ್ಚಿದ ತೇಪೆಯಂತೆ. 2011ರಲ್ಲಿ ಬಾರ್ಸಿಲೋನಾದಲ್ಲಿ ಝೇವಿಯರ್ ಸೆರಾ ನೇತೃತ್ವದ 'ಕಾಂಪ್‌ಮ್ಯೂಸಿಕ್' ಯೋಜನೆ ಆರಂಭವಾಗಿ, ಮದ್ರಾಸ್ ಮತ್ತು ಬಾಂಬೆ ಐಐಟಿಗಳ ಸಂಶೋಧಕರೂ ಜೊತೆಗೂಡಿದರು. ಬಿಡಿ ಸ್ವರಗಳನ್ನು ಎಣಿಸುವ ಬದಲು ಗಾಯನದ ಶ್ರುತಿ ಏರಿಳಿಯುವ ಗೆರೆಯನ್ನೇ ಹಿಡಿದು ರಾಗ ಗುರುತಿಸುವ ಕೆಲಸಕ್ಕೆ ಇದರಿಂದ ಬಲ ಬಂತು.

ಇತ್ತ ಚಿತ್ರಕಲೆಯಲ್ಲಿ, 2018ರಲ್ಲಿ ಪ್ಯಾರಿಸ್ಸಿನ 'ಆಬ್ವಿಯಸ್' ತಂಡದ ಯಂತ್ರಚಿತ್ರವೊಂದು ಕ್ರಿಸ್ಟೀಸ್ ಹರಾಜಿನಲ್ಲಿ 4,32,500 ಡಾಲರಿಗೆ ಮಾರಾಟವಾಯಿತು. ನೂರಾರು ವರ್ಷಗಳ ಸಾವಿರಾರು ಭಾವಚಿತ್ರಗಳನ್ನು ಯಂತ್ರಕ್ಕೆ ಉಣಿಸಿ ಅದನ್ನು ತಯಾರಿಸಿದ್ದರು. 2022ರಿಂದ ಈಚೆಗಂತೂ ಒಂದು ಸಾಲು ಟೈಪಿಸಿದರೆ ಚಿತ್ರ ಬರುತ್ತದೆ, ಹಾಡೂ ಬರುತ್ತದೆ. ಕೋಹೆನ್ ತಮ್ಮ ನಿಯಮ ತಾವೇ ಬರೆದರು. ಈಗಿನ ಯಂತ್ರಗಳು ಇನ್ನೊಬ್ಬರ ಕೃತಿಗಳಿಂದ, ಬಹುಮಟ್ಟಿಗೆ ಅವರನ್ನು ಕೇಳದೆಯೇ, ನಿಯಮ ಹೆಕ್ಕಿಕೊಂಡಿವೆ. ಪೂರ್ತಿ ಯಂತ್ರವೇ ಮಾಡಿದ ಕೃತಿಗೆ ಹಕ್ಕುಸ್ವಾಮ್ಯವಿಲ್ಲ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚಿನಲ್ಲಿ ಹೇಳಿತು. ಯಂತ್ರಕ್ಕೆ ಪಾಠವಾದವರ ಪಾಲೇನು ಎಂಬ ವ್ಯಾಜ್ಯ ಬೇರೆಯೇ ಇದೆ. ನಮ್ಮ ಅಕಾಡೆಮಿಗಳು, ಸಭೆಗಳು ಹಳೆಯ ಧ್ವನಿಮುದ್ರಿಕೆ, ನೃತ್ಯದ ವಿಡಿಯೊಗಳನ್ನು ಯಂತ್ರಕ್ಕೆ ಉಣಿಸಲು ಯಾರಿಗಾದರೂ ಕೊಡುವ ಮೊದಲು ಕಲಾವಿದರ ಒಪ್ಪಿಗೆ, ಹೆಸರು, ಸಂಭಾವನೆ ಮೂರನ್ನೂ ಕರಾರಿನಲ್ಲಿ ಬರೆಸಿಕೊಳ್ಳಲಿ.